ಅಪ್ಪನ ಎರಡು ಉಸಿರು

"ರಾಜನ ಪಾತ್ರ ಯಾಕೆ ಬಿಟ್ರಿ ಸರ್?"

ಬಾಗಿಲ ಹಿಂದೆ ನಿಂತಿದ್ದ ಸಿಐಡಿಯ ಕಿವಿ ನೆಟ್ಟಗಾಯಿತು. ಬಿಟ್ಟನೇ? ಅಪ್ಪ ರಾಜನ ಪಾತ್ರ ಬಿಟ್ಟನೇ? ಯಾವಾಗ?

ಸಿಐಡಿ ಅಂದರೆ ಪೊಲೀಸರಲ್ಲ, ಐದನೇ ಕ್ಲಾಸಿನ ಹುಡುಗಿ. ಯಾರು ಏನು ಹೇಳಿದರೂ ಕಣ್ಣು ಕಿರಿದು ಮಾಡಿ "ನಿಜವಾಗ್ಲೂ?" ಎಂದು ಕೇಳುತ್ತಿದ್ದಳು. ಅದಕ್ಕೇ ಅಮ್ಮ ಆ ಹೆಸರಿಟ್ಟಿದ್ದಳು.

ಹಾಲ್‌ನಲ್ಲಿ ಅಪ್ಪನ ಎದುರು ಪತ್ರಿಕೆಯ ಮೇಡಂ ಕೂತಿದ್ದರು. ಅಪ್ಪ ಹಾಡಿನ ನಾಟಕಗಳ ನಟ. ಹಾಡಬೇಕು, ಕುಣಿಯಬೇಕು, ಮಧ್ಯೆ ಮಾತೂ ಆಡಬೇಕು. ಆತನ ಕತೆ ಬರೆದುಕೊಳ್ಳಲು ಮೇಡಂ ಬಂದಿದ್ದರು. ಇಷ್ಟು ಹೊತ್ತೂ ಅಪ್ಪ ಕೈ ಆಡಿಸುತ್ತಾ ಹೇಳಿದ್ದೇ ಹೇಳಿದ್ದು.

"ಮೊದಲನೇ ಶೋನಲ್ಲಿ ಮೆಟ್ಟಿಲಿಂದ ಜಾರಿ ಬಿದ್ದೆ ಮೇಡಂ. ಜನ ಅದೂ ನಾಟಕದ್ದೇ ಅಂದ್ಕೊಂಡು ಚಪ್ಪಾಳೆ ತಟ್ಟಿದ್ರು. ಮಾರನೇ ದಿನ ಡೈರೆಕ್ಟರ್ ಕರೆದು, ಇನ್ಮೇಲೆ ದಿನಾ ಬೀಳು ಅಂದ್ರು."

ಮೇಡಂ ನಕ್ಕಿದ್ದರು. ಆಮೇಲೆ ಅಪ್ಪ ಹೇಳಿದ್ದ, "ಮಾತಾಡ್ತಾ ಅಳೋದು ಸುಲಭ. ಹಾಡ್ತಾ ಅಳೋದು ಕಷ್ಟ. ನಿಜವಾಗಿ ಅಳು ಬಂತೋ, ಗಂಟಲು ಕಟ್ಟಿ ಶ್ರುತಿ ತಪ್ಪುತ್ತೆ. ಜನ ಅಳಬೇಕು, ನಾವು ಅಳಬಾರದು. ಇಷ್ಟು ವರ್ಷ ನಾನು ಕಲಿತಿದ್ದು ಅದೊಂದೇ."

ಈಗ ಈ ಪ್ರಶ್ನೆ. ಅಪ್ಪನ ಕೈ ತೊಡೆಯ ಮೇಲೆ ಬಂದು ನಿಂತಿತು.

"ಯಾರೂ ಬಿಡಿಸಲಿಲ್ಲ ಮೇಡಂ, ನಾನೇ ಬಿಟ್ಟುಕೊಟ್ಟೆ. ಹೊಸಬರು ಬರಬೇಕಲ್ವಾ?"

ಸುಳ್ಳು, ಎಂದುಕೊಂಡಳು ಸಿಐಡಿ.

ಅವಳಿಗೆ ಅದು ಗೊತ್ತಾದದ್ದು ಅಪ್ಪನ ಹೆಗಲಿನಿಂದ. ಶಾಲೆಯ ಪದ್ಯದ ಸ್ಪರ್ಧೆಗೆ ಮುಂಚೆ ಅಪ್ಪ ಅವಳನ್ನು ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಸಮಾಜ ಪುಸ್ತಕ ಇಟ್ಟಿದ್ದ. "ಉಸಿರು ತಗೊಂಡ್ರೆ ಪುಸ್ತಕ ಏಳಬೇಕು, ಹೆಗಲು ಏಳಬಾರದು. ಸ್ಟೇಜ್ ಮೇಲೆ ಇದೇ ಉಸಿರು. ಮನೇಲಿ ಹೇಗೆ ಬೇಕಾದ್ರೂ ಉಸಿರಾಡು" ಎಂದಿದ್ದ. ಅಂದಿನಿಂದ ಅವಳು ನೋಡುತ್ತಲೇ ಇದ್ದಳು. ಮನೆಯಲ್ಲಿ ಮಾತಾಡುವಾಗ ಅಪ್ಪನ ಹೆಗಲು ಎಲ್ಲರ ಹಾಗೆಯೇ ಮೇಲೆ ಕೆಳಗೆ ಆಗುತ್ತಿತ್ತು. ಜಾರಿ ಬಿದ್ದ ಕತೆ ಹೇಳುವಾಗಲೂ ಆಗಿತ್ತು. ಈಗ ಮಾತ್ರ ಅಂಗಿಯ ಹೊಟ್ಟೆಯ ಗುಂಡಿ ಮುಂದೆ ಬಂತು. ಹೆಗಲು ಅಲ್ಲಾಡಲೇ ಇಲ್ಲ.

ಅಪ್ಪ ಮನೆಯ ಸೋಫಾದಲ್ಲಿ ಕೂತು ನಾಟಕ ಆಡುತ್ತಿದ್ದ.

ಆ ವಾರವೆಲ್ಲ ಸಿಐಡಿಗೆ ಬರೀ ಅನುಮಾನ. ರಾಜನ ನಿಲುವಂಗಿ ಹೊಲಿಗೆಗೆಂದು ಮನೆಗೆ ಬಂದಿತ್ತಲ್ಲ? ಅದರ ಸೊಂಟದ ಹತ್ತಿರ ಎರಡೂ ಕಡೆ ಸೀಮೆಸುಣ್ಣದ ಗೆರೆ ಎಳೆದಿದ್ದರು, ಒಳಗೆ ಹಿಡಿದು ಹೊಲಿಯಲು. ಅಪ್ಪನ ಹೊಟ್ಟೆ ಏನಾದರೂ ಕರಗಿದೆಯೇ? ಇಲ್ಲವೇ ಇಲ್ಲ. "ಹರಿದಿತ್ತು ಕಣೇ" ಎಂದಿದ್ದ ಅಪ್ಪ. ಹರಿದದ್ದು ಅವಳಿಗಂತೂ ಕಾಣಲಿಲ್ಲ. ಬೆಳಗ್ಗೆ ಬಾತ್‌ರೂಮಿನಲ್ಲಿ ಅಷ್ಟು ಹೊತ್ತು ಉಪ್ಪುನೀರು ಮುಕ್ಕಳಿಸುವುದು ಯಾಕೆ? ಅವಳು ಅಡುಗೆಮನೆಗೆ ಬಂದ ಕೂಡಲೇ ಅಪ್ಪ ಅಮ್ಮ ಇಬ್ಬರೂ ಮಾತು ನಿಲ್ಲಿಸುವುದು ಯಾಕೆ?

ಅಪ್ಪನ ನಾಟಕಕ್ಕೆ ಸೇರಿದ ಆ ಹೊಸ ಅಣ್ಣನದೇ ಕೆಲಸ ಇರಬೇಕು. ಹೋದ ತಿಂಗಳು ಮನೆಗೆ ಬಂದು, ಹಲ್ಲು ಕಿರಿದು, ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದ. ತೆಳ್ಳಗೆ ಕೋಲಿನ ಹಾಗಿದ್ದ. ಆ ಗೆರೆ ಅವನ ಸೊಂಟದ್ದೇ.

"ಅಮ್ಮಾ, ಅಪ್ಪನ ಪಾರ್ಟ್ ಆ ಅಣ್ಣ ಕಿತ್ಕೊಂಡ್ನಾ?"

ಅಮ್ಮ ಬಟ್ಟೆ ಮಡಿಸುತ್ತಿದ್ದಳು. "ಎಲ್ಲದಕ್ಕೂ ಮೂಗು ತೂರಿಸ್ಬೇಡ. ಅಪ್ಪನ್ನೇ ಕೇಳು."

ಕೇಳಿದರೆ ಹೊಟ್ಟೆಯ ಉಸಿರಿನಲ್ಲೇ ಉತ್ತರ ಬರುತ್ತದೆ. ಅದನ್ನು ಕೇಳಿ ಏನು ಪ್ರಯೋಜನ?

ಅವಳಿಗೆ ನಿಜವಾದ ಭಯ ಇದ್ದದ್ದು ಶನಿವಾರದ್ದು. ಆ ದಿನ ಇಡೀ ಕ್ಲಾಸನ್ನು ಮಿಸ್ ನಾಟಕಕ್ಕೆ ಕರೆದುಕೊಂಡು ಹೋಗುವವರಿದ್ದರು. "ನಮ್ಮಪ್ಪನೇ ರಾಜ" ಎಂದು ಸಿಐಡಿ ಎಲ್ಲರ ಮುಂದೆ ಜಂಬ ಕೊಚ್ಚಿದ್ದಳು.

ಶನಿವಾರ ಬಂದೇ ಬಂತು. ಪರದೆ ಮೇಲೆದ್ದಾಗ ಅರಮನೆಯ ದೊಡ್ಡ ಬಾಗಿಲ ಪಕ್ಕದಲ್ಲಿ ಈಟಿ ಹಿಡಿದ ಕಾವಲುಗಾರ ನಿಂತಿದ್ದ. ಮೀಸೆ ದಪ್ಪಗಿದ್ದರೂ ಅವಳಿಗೆ ಅಪ್ಪನ ಗುರುತು ಸಿಕ್ಕಿತು.

ಕಾವಲುಗಾರ ಎರಡು ಸಾಲು ಹಾಡಿ ಬಾಗಿಲು ತೆರೆದ. ಒಳಗಿನಿಂದ ಆ ತೆಳ್ಳನೆಯ ಅಣ್ಣ, ಸೊಂಟಕ್ಕೆ ಸರಿಯಾಗಿ ಕೂತ ನಿಲುವಂಗಿಯಲ್ಲಿ ಬಂದು, ಸಿಂಹಾಸನದ ಮೆಟ್ಟಿಲು ಹತ್ತತೊಡಗಿದ.

"ಏ, ನಿಮ್ಮಪ್ಪ ರಾಜ ಅಂದಿದ್ದೆ?" ಪಕ್ಕದ ಸೀಟಿನ ಗೆಳತಿ ಪಿಸುಗುಟ್ಟಿದಳು.

ಸಿಐಡಿಯ ಕಿವಿ ಬಿಸಿಯಾಯಿತು. ಅಪ್ಪನ ಮೇಲೆ ಕೋಪ ಉಕ್ಕಿತು. ಒಂದು ಮಾತು ಮುಂಚೆ ಹೇಳಿದ್ದರೆ ಏನಾಗುತ್ತಿತ್ತು?

ರಾಜ ಮೇಲಿನ ಮೆಟ್ಟಿಲಲ್ಲಿ ನಿಂತು ತನ್ನ ಹಾಡಿನ ಅತಿ ಎತ್ತರದ ಸ್ವರ ಹಿಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸಿಐಡಿ ಮಾತ್ರ ಬಾಗಿಲ ಕಡೆ ನೋಡಿದಳು.

ಕಾವಲುಗಾರನ ತುಟಿ ಮುಚ್ಚಿತ್ತು, ಈಟಿ ನೆಟ್ಟಗಿತ್ತು. ಆದರೆ ಅವನ ಸೊಂಟದ ಬೆಲ್ಟು ಬಿಗಿಯಾಗಿತ್ತು. ರಾಜ ಉಸಿರು ತೆಗೆದುಕೊಂಡಾಗಲೇ ಅವನೂ ತೆಗೆದುಕೊಂಡಿದ್ದ. ಸ್ವರ ಎಳೆದಷ್ಟು ಹೊತ್ತು ಬೆಲ್ಟು ನಿಧಾನವಾಗಿ ಸಡಿಲವಾಗುತ್ತಾ ಹೋಯಿತು, ಸ್ವರ ಮುಗಿದಾಗ ಅದೂ ನಿಂತಿತು. ಅಪ್ಪ ಬಾಯಿ ತೆರೆಯದೆ ರಾಜನ ಹಾಡು ಹಾಡುತ್ತಿದ್ದ. ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಐಡಿಗೆ ಕೈ ಎತ್ತಲು ಆಗಲಿಲ್ಲ. ಅವಳ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ನಾಟಕ ಮುಗಿದ ಮೇಲೆ ಮಿಸ್‌ಗೆ ಹೇಳಿ ಅವಳು ಹಿಂದಿನ ಮೇಕಪ್ ರೂಮಿಗೆ ಓಡಿದಳು. ಅಪ್ಪ ಒಬ್ಬನೇ ಕನ್ನಡಿಯ ಮುಂದೆ ಕೂತು ಮೀಸೆ ಕೀಳುತ್ತಿದ್ದ. ಗೋಂದು ಬಿಡದೆ ಅರ್ಧ ಮೀಸೆ ಜೋತಾಡುತ್ತಿತ್ತು.

"ಹೇಗಿತ್ತು?" ಎಂದ, ಕನ್ನಡಿಯಲ್ಲೇ ಅವಳನ್ನು ನೋಡಿ.

"ರಾಜನಿಗಿಂತ ಕಾವಲುಗಾರನೇ ಚೆನ್ನಾಗಿದ್ದ."

ಅಪ್ಪ ಅವಳ ಮುಖ ನೋಡಲಿಲ್ಲ, ಹೆಗಲು ನೋಡಿದ. ನೋಡಿ ಪಕ್ಕನೆ ನಕ್ಕ.

"ಎಲಾ ಇವಳಾ. ನನ್ನ ಹತ್ರನೇ ಹೊಟ್ಟೆ ಉಸಿರು ಬಿಡ್ತೀಯಾ?"

ಸಿಐಡಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಹೇಳಿದಳು, "ನೀನೂ ಆ ಮೇಡಂ ಹತ್ರ ಬಿಟ್ಟೆ. ನಾನು ನೋಡ್ದೆ."

ಅಪ್ಪನ ನಗು ನಿಂತಿತು. ಜೋತಾಡುತ್ತಿದ್ದ ಮೀಸೆಯನ್ನು ಕಿತ್ತು ಮೇಜಿನ ಮೇಲಿಟ್ಟ.

"ನೀನು ಕೇಳಿದ್ದು ಅಮ್ಮ ಹೇಳಿದ್ಲು. ಆ ಹುಡುಗ ಏನೂ ಕಿತ್ಕೊಂಡಿಲ್ಲ ಕಣೇ. ರಾಜನ ಹಾಡಿನ ಆ ಎತ್ತರದ ಸ್ವರ ನನಗೆ ಸಿಗ್ತಾ ಇಲ್ಲ. ಎರಡು ಶೋನಲ್ಲಿ ಗಂಟಲು ಒಡೀತು. ಉಪ್ಪುನೀರು ಹಾಕಿ ನೋಡ್ದೆ, ಡಾಕ್ಟ್ರ ಹತ್ರ ಹೋದೆ, ಡೈರೆಕ್ಟರ್ ಹತ್ರ ಬೇಡ್ಕೊಂಡೂ ನೋಡ್ದೆ. ಕೊನೆಗೆ ಅವರು ಆ ಪಾತ್ರದಿಂದ ಇಳಿಸಿಬಿಟ್ರು."

ಹೇಳುವಾಗ ಅವನ ಎರಡೂ ಹೆಗಲು ಮೇಲೆದ್ದು ಕೆಳಗೆ ಬಿದ್ದವು.

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಕ್ಲಾಸಿಗೆಲ್ಲ ಹೇಳ್ಕೊಂಡು ಬಂದಿದ್ಯಲ್ಲ. ಹೇಗೆ ಹೇಳ್ಲಿ?"

ಸಿಐಡಿ ಅವನ ಕುರ್ಚಿಗೆ ಒರಗಿ ನಿಂತಳು. ಗೋಡೆಯ ಮೊಳೆಯಲ್ಲಿ ರಾಜನ ನಿಲುವಂಗಿ ತೂಗುತ್ತಿತ್ತು.

"ತುಂಬ ಬೇಜಾರಾ ಅಪ್ಪಾ?"

"ಛೆ, ಏನಿಲ್ಲ. ಬಾಗಿಲು ತೆಗೆಯೋದೂ ಒಂದು ಕೆಲಸ ತಾನೇ. ನನಗೇನೂ ಬೇಜಾರಿಲ್ಲ."

ಕನ್ನಡಿ ಎದುರಿಗೇ ಇತ್ತು. ಅದರಲ್ಲಿ ಅಪ್ಪನ ಹೆಗಲು, ಹೊಟ್ಟೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಸಿಐಡಿ ಅತ್ತ ನೋಡಲಿಲ್ಲ. ಬಗ್ಗಿ, ಮೇಜಿನ ಕೆಳಗೆ ಅಪ್ಪನ ಚಪ್ಪಲಿ ಎಲ್ಲಿದೆ ಎಂದು ಹುಡುಕತೊಡಗಿದಳು.