ಬಾವುಟದ ಮೂರು ಗಂಟು

ಬಹಳ ಹಿಂದೆ, ಕಣಗಿಲೆ ಎಂಬ ರಾಜ್ಯದಲ್ಲಿ, ಬೊಪ್ಪರಸನೆಂಬ ದಂಡನಾಯಕನಿದ್ದ. ಅವನ ಬಾವುಟ ಸೋಲು ಕಂಡದ್ದಿಲ್ಲ. ರೇಷ್ಮೆಯದೇನಲ್ಲ ಅದು, ದಂಡಿಗೆ ಹೊರಟ ಒಬ್ಬೊಬ್ಬ ಆಳಿನ ಮನೆಯ ಹೆಂಗಸೂ ಸೀರೆಯಿಂದ ಅಂಗೈಯಗಲ ಹರಿದು, ಕೈಯಾರೆ ಹೊಲಿದ ತೇಪೆಗಳ ಬಾವುಟ. ಒಂದೇ ಕಟ್ಟಳೆ: ದಾರದ ಕೊನೆಗೆ ಗಂಟು ಹಾಕಬಾರದು. ಹೋದವನು ಬಿಡಿಸಿಕೊಂಡು ಮನೆಗೆ ಬರಬೇಕಲ್ಲ.

ಬೊಪ್ಪರಸ ಸತ್ತ. ಕರಿನಾಲಿಗೆ ಎಂಬ ಮಾಟಗಾರ ಆ ಬಾವುಟ ಕದ್ದು, ಹಾಳುಗುಡ್ಡದ ಮೇಲೆ ನೆಟ್ಟು, ರಣಹದ್ದಾಗಿ ಕಂಬದ ತುದಿಗೆ ಕೂತ. ಅದರಲ್ಲಿ ತಮ್ಮ ಮನೆಯ ತೇಪೆಯಿದ್ದ ಆಳುಗಳೆಲ್ಲ, ಬದುಕಿದ್ದವರೂ ಸತ್ತವರೂ, ಕಣ್ಣು ಮುಚ್ಚಿಕೊಂಡೇ ಎದ್ದು ನಡೆದು ತಮ್ಮ ಊರುಗಳನ್ನೇ ಸುಟ್ಟರು. ಕಡಿದರೂ ಅವರಿಗೆ ರಕ್ತ ಬರಲಿಲ್ಲ. ಅರಸನೋ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿಸಿದ.

ಬಾಚವ್ವೆಯ ಮನೆಗೆ ಕೊಳ್ಳಿ ಇಟ್ಟವನು ಅವಳ ಗಂಡ ಕೇತನೇ. ಕೂಗಿದಳು, ಕೈ ಹಿಡಿದು ಎಳೆದಳು. ಆ ಕೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಬದುಕಿದ್ದಾನೋ ಸತ್ತಿದ್ದಾನೋ ತಿಳಿಯಲಿಲ್ಲ.

ಅಂದು ತೇಪೆ ಹೊಲಿಸಿದ್ದ ಹಣ್ಣುಮುದುಕಿ ಸೋವಜ್ಜಿ ಬೂದಿಯಲ್ಲಿ ಕೂತು ಹೇಳಿದಳು: "ಗಂಟಿಲ್ಲದ ಬಾವುಟ ಗಾಳಿಗೆ ಯಾವತ್ತೋ ಬಿಚ್ಚಿಹೋಗಬೇಕಿತ್ತು. ಯಾವಳೋ ಗಂಟು ಹಾಕಿದ್ದಾಳೆ. ಬಾವುಟವನ್ನೂ ಮಾಟವನ್ನೂ ಹಿಡಿದಿರುವುದು ಅದೇ."

ಬಾಚವ್ವೆ ಅವಳೆದುರು ಬಂದು ಕೂತಳು. "ನಾನೇ ಹಾಕಿದ್ದು, ಅಜ್ಜಿ. ಮದುವೆಯಾಗಿ ತಿಂಗಳಾಗಿತ್ತಷ್ಟೆ. ತೇಪೆ ಬಿದ್ದರೆ ಅವರೂ ಬಿದ್ದಾರು ಅಂತ ಹೆದರಿ, ತಾಳಿಗೆ ಹಾಕಿದ ಹಾಗೆ ಮೂರು ಗಂಟು ಹಾಕಿದೆ."

"ಹಾಕುವಾಗ ಏನು ನೆನೆದೆ?"

"ಮೊದಲು ಅವರ ದನಿ. ಆಮೇಲೆ ಮುಖ. ಆಮೇಲೆ ಉಸಿರು."

"ಹಾಕಿದವಳೇ ಬಿಚ್ಚಬೇಕು ಮಗಳೇ. ನೆನೆದದ್ದು ಗಂಟಿನ ಜೊತೆಗೇ ನಿನ್ನ ಕೈಬಿಟ್ಟು ಹೋಗುತ್ತದೆ. ಉಸಿರು ಅವನದೇ ಆಗಿದ್ದರೆ ಉಳಿದೀತು. ಗಂಟಿನದಾಗಿದ್ದರೆ ಇಲ್ಲ."

ಬಾಚವ್ವೆ ಗುಡ್ಡ ಹತ್ತಿದಳು. ಅವಳು ಸತ್ತರೆ ಗಂಟು ತಾನಾಗಿ ಬಿಚ್ಚುತ್ತಿತ್ತು; ಹಾಗಾಗಿ ಹದ್ದು ಅವಳನ್ನು ಮುಟ್ಟಲಿಲ್ಲ, ಬರೀ ಮಾತಾಡಿತು.

ಮೊದಲ ಗಂಟನ್ನು ಉಗುರಿನಿಂದ ಬಿಚ್ಚಿದಳು. ಹೊಸ್ತಿಲಲ್ಲಿ ನಿಂತು ತನ್ನನ್ನು ಕರೆಯುತ್ತಿದ್ದ ದನಿ ಮರೆತುಹೋಯಿತು. "ಸಾಕು ಮಾಡು," ಎಂದಿತು ಹದ್ದು.

ಎರಡನೆಯದನ್ನು ಹಲ್ಲಿನಿಂದ ಬಿಚ್ಚಿದಳು. ಮುಖ ಮರೆತುಹೋಯಿತು. "ಸಾಕು ಮಾಡೇ," ಎಂದಿತು ಹದ್ದು.

ಮೂರನೆಯದು ಹಲ್ಲಿಗೂ ಬಗ್ಗಲಿಲ್ಲ. "ಇದೊಂದು ಬಿಡು ತಾಯಿ. ಇವತ್ತೇ ನಿನ್ನ ಗಂಡನನ್ನು ಮನೆಗೆ ಕಳಿಸುತ್ತೇನೆ."

"ಮನೆ ಎಲ್ಲಿದೆ?" ಎಂದಳು ಬಾಚವ್ವೆ. ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ ತಾಳಿಯ ಅಂಚು ತೂರಿಸಿ ಬಿಚ್ಚಿದಳು.

ಬಾವುಟ ಸಾವಿರ ತುಂಡಾಗಿ ಉದುರಿತು. ಹದ್ದೂ ಉದುರಿತು, ಪುಕ್ಕದೊಳಗೆ ಏನೂ ಇರಲಿಲ್ಲ. ಗುಡ್ಡದ ಸುತ್ತ ನಿಂತಿದ್ದ ಆಳುಗಳಲ್ಲಿ ಸತ್ತವರು ಮಲಗಿದರು, ಬದುಕಿದ್ದವರು ಕಣ್ಣು ಬಿಟ್ಟರು.

ಊರಿನ ಹೆಂಗಸರು ಬಂದರು. ಕೆಲವರು ತಮ್ಮವರನ್ನು ನಡೆಸಿಕೊಂಡು ಹೋದರು, ಕೆಲವರು ಹೊತ್ತುಕೊಂಡು ಹೋದರು. ತನ್ನವನು ಯಾರೆಂದು ಬಾಚವ್ವೆಗೆ ಗೊತ್ತಿಲ್ಲ. ಯಾರೂ ಕೇಳದೆ ಉಳಿದವನೇ ತನ್ನವನೆಂದು ಕಾದಳು. ಕೊನೆಗೆ ಇಬ್ಬರು ಉಳಿದರು. ಒಬ್ಬ ಮಲಗಿದ್ದ, ಒಬ್ಬ ಕೂತಿದ್ದ.

ಸೋವಜ್ಜಿ ಕೋಲೂರಿಕೊಂಡು ಬಂದು, ಮಲಗಿದ್ದ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಕೂತವನು ತಲೆಯೆತ್ತಿದ. "ಬಾಚೂ, ಮನೆ ಸುಟ್ಟವನು ನಾನೇ ಅಲ್ಲವಾ?"

ಗೊತ್ತಿಲ್ಲದ ದನಿ, ಗೊತ್ತಿಲ್ಲದ ಮುಖ. "ಹೂಂ, ನೀವೇ," ಎಂದಳು. "ಏಳಿ, ಕಟ್ಟೋಣ."

ಕಟ್ಟಿದರು, ಸುಖವಾಗಿಯೂ ಬಾಳಿದರು. ಆ ಮುಖ ಬಾಚವ್ವೆಗೆ ರೂಢಿಯಾಗಲು ಮಾತ್ರ ಮೂರು ಮಳೆಗಾಲ ಹಿಡಿಯಿತು.