ನಲವತ್ತೊಂದು ಡಿಗ್ರಿಯ ತವರು

"ಚೊಚ್ಚಲ ಬಾಣಂತನ ತವರಾಗ ಆಗಬೇಕು. ಮಗಳನ್ನ ಕರ್ಕೊಂಡೇ ಬರ್ತೀನಿ," ಎಂದು ನೀಲಗಂಗಮ್ಮ ಸೆರಗು ಸಿಕ್ಕಿಸಿ ಜೀಪು ಹತ್ತಿದರು.

ಅದು ೧೯೯೮ರ ಮೇ ತಿಂಗಳು. ಏಳು ತಿಂಗಳ ಬಸುರಿ ಅಮೃತಾ ಗಂಡನ ನೌಕರಿಯ ಊರಾದ ಕುಮಟೆಯಲ್ಲಿದ್ದಳು. ಅವಳ ಅತ್ತೆ ನಾಗಲಿಂಗಮ್ಮ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು: "ಹಗರಿಬೊಮ್ಮನಹಳ್ಳಿ ಬ್ಯಾಸಿಗಿ ಅಂದ್ರ ಉರಿಯೋ ಒಲಿ. ಸಮುದ್ರದ ಊರಿಗಿಂತ ನಿಮ್ಮೂರು ತಂಪು ಅಂತ ತೋರಿಸ್ರಿ, ಕಳಿಸ್ತೀನಿ."

ತೋರಿಸಲೆಂದು ವಿಜ್ಞಾನದ ಮೇಷ್ಟ್ರಾಗಿದ್ದ ನೀಲಗಂಗಮ್ಮನ ಮಗ ಅರುಣಕುಮಾರ್ ಶಾಲೆಯ ಉಷ್ಣಮಾಪಕ ತಂದಿದ್ದ. ಹಿಂದಿನ ಮಧ್ಯಾಹ್ನ ನೆರಳಿನಲ್ಲೇ ನಲವತ್ತೊಂದು ಡಿಗ್ರಿ. ಹೊರಡುವ ನಸುಕಿನಲ್ಲಿ ಇಪ್ಪತ್ತನಾಲ್ಕು. ಜೀಪು ಗ್ಯಾರೇಜಿನ ಖಾಸಿಂ ಸಾಬರದು, ಓಡಿಸುವವರೂ ಅವರೇ.

ಕಪ್ಪು ಹೊಲಗಳು, ಬಿಸಿಗಾಳಿ, ಜಾಲಿಗಿಡಗಳು ಹಿಂದೆ ಸರಿದವು. ಶಿರಸಿ ದಾಟಿದ ಮೇಲೆ ಮರಗಳು ರಸ್ತೆಯ ಮೇಲೆ ಚಪ್ಪರ ಹಾಕಿದ್ದವು. ಬಿಸಿಗಾಳಿಗೆ ಏರಿದ್ದ ಪಾದರಸ ಮೂವತ್ತಮೂರಕ್ಕೆ ಇಳಿಯಿತು. ನೀಲಗಂಗಮ್ಮನ ಮುಖವೂ ಇಳಿಯಿತು.

"ಅಕ್ಕಾರ, ಕುಮಟೆಯಾಗ ಅದನ್ನ ಬಾನೆಟ್ ಮ್ಯಾಲೆ ಇಡ್ಲೇನ್ರಿ? ಐವತ್ತು ದಾಟಿಸ್ತೀನಿ," ಎಂದರು ಖಾಸಿಂ ಸಾಬ್.

"ಇಡ್ರಿ ಸಾಬ್ರ!"

"ಅವ್ವಾ, ಇದು ವಿಜ್ಞಾನ," ಎಂದ ಅರುಣ.

"ನಿನ್ನ ವಿಜ್ಞಾನ ನಿನ್ನ ತಂಗೀನ ಅಲ್ಲೇ ಬಿಟ್ಟು ಬರ್ತೈತಿ ನೋಡಲೇ!"

ಘಟ್ಟದ ತಿರುವಿನಲ್ಲಿ ಜೀಪು ಬುಸ್ಸೆಂದು ನಿಂತಿತು. ಖಾಸಿಂ ಸಾಬ್ ನೀರಿಗೆಂದು ಕ್ಯಾನು ಹಿಡಿದು ಹಳ್ಳಕ್ಕೆ ಇಳಿದರು.

ಪೊದೆ ಅಲುಗಿತು. ಕಾಡುಕೋಣ!

ಖಾಸಿಂ ಸಾಬ್ ಕ್ಯಾನು ಬಿಸಾಕಿ ಮರ ಏರಿದರು. ಅರುಣ ಉಷ್ಣಮಾಪಕ ಅವುಚಿಕೊಂಡು ಸೀಟಿನ ಕೆಳಗೆ ತೂರಿದ. ಕೋಣ ತಲೆ ತಗ್ಗಿಸಿತು.

ನೀಲಗಂಗಮ್ಮ ರೊಟ್ಟಿಯ ಡಬ್ಬಿಯನ್ನು ಜೀಪಿಗೆ ಢಣಢಣ ಬಡಿದರು. "ಹೋಯ್! ಹಾದಿ ಬಿಡು! ಬಸುರಿ ಹೆಣ್ಮಗಳು ದಾರಿ ಕಾಯಾಕತ್ಯಾಳ!"

ಕೋಣ ಬೆಚ್ಚಿ ಕಾಡಿಗೆ ನುಗ್ಗಿತು.

"ಇಳೀರಿ ಸಾಬ್ರ, ಹೋತು."

"ಹತ್ತಿದ್ದು ಹೆಂಗಂತನ ಗೊತ್ತಿಲ್ರಿ ಅಕ್ಕಾರ, ಇಳಿಯೋದು ಹೆಂಗ?"

ಕುಮಟೆ ಮುಟ್ಟಿದಾಗ ನಡುಮಧ್ಯಾಹ್ನ. ಅರುಣ ನೆರಳಿನಲ್ಲಿ ಅಳೆದ. ಮೂವತ್ತನಾಲ್ಕು.

"ನೋಡಿದ್ರೇನ್ರಿ ಬೀಗ್ತಿ?" ಎಂದು ನಾಗಲಿಂಗಮ್ಮ ಕುತ್ತಿಗೆಯ ಬೆವರು ಒರೆಸಿಕೊಂಡರು. ನೀಲಗಂಗಮ್ಮ ಮಗಳ ತೊಯ್ದ ಹಣೆ ಸವರುತ್ತ ಕೂತರು. ಸೋತಿದ್ದರು.

ಮರುದಿನ ನಸುಕಿನಲ್ಲಿ ಅರುಣ ಮತ್ತೆ ಅಳೆದ. "ಇಪ್ಪತ್ತೆಂಟು! ಸಮುದ್ರ ಹಗಲು ಬಿಸಿ ಏರಗೊಡೂದಿಲ್ಲ, ರಾತ್ರಿ ಇಳಿಯಗೊಡೂದಿಲ್ಲ. ನಸುಕಿಗೆ ನಮ್ಮೂರೇ ತಂಪು. ಅಲ್ಲಿ ಬೆವರು ಆರ್ತೈತಿ, ಇಲ್ಲಿ ಆರಂಗಿಲ್ಲ."

"ಹೌದು ಅತ್ತಿ," ಎಂದಳು ಅಮೃತಾ ಮೆಲ್ಲಗೆ. "ಕಣ್ತುಂಬ ನಿದ್ದಿ ಬಂದು ಎಷ್ಟೋ ದಿನ ಆತು. ಊರಾಗ ಹಗಲು ಬೆಂದ್ರೂ ನಸುಕಿಗೆ ನಿದ್ದಿ ಬರ್ತೈತಿ."

ನಾಗಲಿಂಗಮ್ಮ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಎರಡು ಚೀಲ.

"ಒಂದು ಸೊಸೀದು. ಇನ್ನೊಂದು ನಂದು. ನಿಮ್ಮೂರ ಮಗ್ಗಲ ಹಡಗಲ್ಯಾಗ ಹುಟ್ಟಿದಾಕಿ ನಾನು, ಒಣಗಿದ ಸೀರಿ ಉಡೋ ಆಸಿ ಆಗೈತಿ. ಜೀಪಿನ್ಯಾಗ ಜಾಗಾ ಮಾಡ್ರಿ!"

ಜೀಪು ಬಸುರಿಗಾಗಿ ಕುಲುಕದೆ, ತೆವಳುತ್ತ ಘಟ್ಟ ಏರಿತು. ಹರಪನಹಳ್ಳಿಯ ಬಿಸಿಗಾಳಿ ಮುಖಕ್ಕೆ ಬಡಿದಾಗ ನಾಲ್ವರು ಮುಖ ಕಿವುಚಿದರು; ನೀಲಗಂಗಮ್ಮ ಮಾತ್ರ ನಕ್ಕರು.

ಮರುದಿನ ಬೆಳಕು ಹರಿಯುವಾಗ ಅಂಗಳದಲ್ಲಿ ಅತ್ತೆ ಸೊಸೆ ಗಾಢ ನಿದ್ದೆಯಲ್ಲೇ ಒಂದು ಕೌದಿಯನ್ನು ಆಚೆ ಈಚೆ ಎಳೆದಾಡುತ್ತಿದ್ದರು. ನೀಲಗಂಗಮ್ಮ ಸದ್ದಿಲ್ಲದೆ ಇನ್ನೊಂದು ಕೌದಿ ತಂದು ಹೊದಿಸಿದರು.