ಕಾಕಡದ ಪರಿಮಳ

"ಎಲ್ಲಕ್ಕಿಂತ ಘಾಟು ವಾಸನೆ ಇರೋ ಗಿಡ ಒಂದು ಕೊಡಿ."

ಗಡಿಯಾರ ರಿಪೇರಿಯವನು ನರ್ಸರಿಗೆ ಬಂದು ಆಡಿದ ಮೊದಲ ಮಾತು ಇದು. ಕುಂಡಕ್ಕೆ ಮಣ್ಣು ತುಂಬುತ್ತಿದ್ದವಳು ತಲೆ ಎತ್ತಿದಳು.

"ಘಾಟು ಬೇಕಾದ್ರೆ ಮೆಣಸಿನಪುಡಿ ಅಂಗಡಿಗೆ ಹೋಗಿ. ಇಲ್ಲಿ ಸಿಗೋದು ಪರಿಮಳ."

"ಅದನ್ನೇ ಕೊಡಿ. ಸ್ವಲ್ಪ ಜೋರಾಗಿರಲಿ."

ಆಚೆ ಸಾಲಿನಲ್ಲಿ ನೀರು ಹಾಕುತ್ತಿದ್ದ ಅತ್ತಿಗೆ ಕಿಸಕ್ಕನೆ ನಕ್ಕಳು. ಬೀದಿಯವರೆಲ್ಲ ತನ್ನ ನಾದಿನಿಯನ್ನು ಬೆನ್ನ ಹಿಂದೆ ಕರೆಯುತ್ತಿದ್ದುದೇ ಮೆಣಸಿನಕಾಯಿ ಎಂದು.

ಮದುವೆಯ ವಯಸ್ಸೆಲ್ಲ ಅವಳಿಗೆ ಹಾಸಿಗೆ ಹಿಡಿದ ಅಪ್ಪನ ಮಂಚದ ಪಕ್ಕದಲ್ಲೇ ಕಳೆದುಹೋಗಿತ್ತು. ಅಪ್ಪನ ಹಿಂದೆಯೇ ಅಣ್ಣನೂ ಹೋದ. ಉಳಿದ ಹೆಂಗಸರಿಬ್ಬರು ನರ್ಸರಿ ನಡೆಸುತ್ತಿದ್ದರು. ಅಲ್ಲಿ ಅವಳದೊಂದು ಕಟ್ಟುನಿಟ್ಟು: ಪರಿಮಳದ ಗಿಡವನ್ನು ಹೂವಿಲ್ಲದಾಗ ಮಾರುವಂತಿಲ್ಲ, ಮೂಸಿ ನೋಡದೆ ಯಾರೂ ಒಯ್ಯುವಂತಿಲ್ಲ. ಮೊದಲು ತಾನು ಬಗ್ಗಿ, ಕಣ್ಣು ಮುಚ್ಚಿ, ಉಸಿರೆಳೆದುಕೊಳ್ಳುವಳು. ಆಮೇಲೆ ಕೊಳ್ಳುವವರ ಸರದಿ.

ಕಣ್ಣು ಮುಚ್ಚಿದ ಆ ಗಳಿಗೆಯಲ್ಲಿ ಅವಳ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು. ತುಟಿ ಇಷ್ಟೇ ಇಷ್ಟು ಅರಳುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡವರಿಗೆ ತಮ್ಮ ಮುಖ ಹೇಗೆ ಗೊತ್ತಾಗಬೇಕು?

ಆ ದಿನ ಅವನು ಸುಗಂಧರಾಜ ಒಯ್ದ. ಮುಂದಿನ ವಾರ ಮರುಗ, ಅದರ ಮುಂದಿನ ವಾರ ಸಂಜೆಮಲ್ಲಿಗೆ. ಒಂದು ಸಲ ಪಾರಿಜಾತದ ಗಿಡ ತೋರಿಸಿದಳು. ಅದಕ್ಕೆ ಹುಳ ಬಿದ್ದಿತ್ತು; ಮೂಸಿದವಳು ಮುಖ ಹುಳಿ ಮಾಡಿಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಅವನು, "ಇದು ಬೇಡ ಬಿಡಿ," ಎಂದಿದ್ದ. ಮೂಗು ಚುರುಕಾಗಿದೆ ಈ ಮನುಷ್ಯನಿಗೆ ಎಂದು ಅವಳು ಮನಸ್ಸಿನಲ್ಲೇ ಮೆಚ್ಚಿಕೊಂಡಳು.

"ನಿಮ್ಮ ಅಂಗಳದಲ್ಲಿ ಇನ್ನೂ ಜಾಗ ಇದೆಯೇನ್ರೀ?"

"ಇಲ್ಲ. ಮುಂದಿನ ವಾರದಿಂದ ಒಳಗೆ ಮಂಚದ ಮೇಲೆ ನೆಡ್ತೀನಿ."

"ನೀವು ಎಲ್ಲಿ ಮಲಗ್ತೀರಿ?"

"ಇಲ್ಲೇ ಎಲ್ಲಾದರೂ ಒಂದು ಕುಂಡ ಖಾಲಿ ಇದ್ರೆ..."

"ಕತ್ತರಿ ಎಲ್ಲಿದೆ ಅತ್ತಿಗೆ?" ಎಂದು ಅವಳು ಗುಡುಗಿದಳು. ಕಿವಿ ಮಾತ್ರ ಬಿಸಿಯಾಗಿತ್ತು. ಅಂದಿನಿಂದ ಅವನ ಸೈಕಲ್ಲಿನ ಸದ್ದು ಕೇಳಿದರೆ ಸಾಕು, "ನಿನ್ನ ಗಡಿಯಾರ ಬಂತು, ಮೂಗಿನ ಮೇಲಿನ ಮಣ್ಣು ಒರೆಸ್ಕೋ," ಎನ್ನುವಳು ಅತ್ತಿಗೆ.

ಹೀಗಿರುವಾಗ ಒಂದು ಬೆಳಗ್ಗೆ ಅವಳು ಕಾಕಡದ ಸಾಲಿನಲ್ಲಿ ಒಣ ಎಲೆ ಕೀಳುತ್ತಿದ್ದಳು. ಕಾಕಡ ನೋಡುವುದಕ್ಕೆ ಥೇಟ್ ಮಲ್ಲಿಗೆ. ಮೂಗಿಗೆ ಮಾತ್ರ ಬರೀ ನೀರು, ಪರಿಮಳವೇ ಇಲ್ಲ. ಸೈಕಲ್ ನಿಂತ ಸದ್ದು ಕೇಳಿಸಿತು. ಹೂವಿನ ಮುಂದೆ ಬಗ್ಗಿದ್ದವಳ ಮುಖದ ಮೇಲೆ ಅವಳ ಅಪ್ಪಣೆಯಿಲ್ಲದೆ ನಗು ಬಂತು. ಅದನ್ನು ಹತ್ತಿಕ್ಕಲು ಅವಳು ಕಣ್ಣು ಮುಚ್ಚಿದಳು.

ಅವನು ಬಂದು ಪಕ್ಕದಲ್ಲಿ ಬಗ್ಗಿದ. ಉದ್ದಕ್ಕೆ ಉಸಿರೆಳೆದ.

"ಆಹಾ! ಇಲ್ಲಿವರೆಗೆ ಕೊಟ್ಟಿದ್ದೆಲ್ಲ ಒಂದು ಕಡೆ, ಇದೇ ಒಂದು ಕಡೆ. ಇದನ್ನೇ ಕೊಡಿ."

ಅವಳು ಮೊದಲು ನಕ್ಕಳು. ಆಮೇಲೆ ಅವನು ನಗುತ್ತಿಲ್ಲವೆಂದು ಕಂಡಿತು. ಹಾಗಾದರೆ ತನ್ನನ್ನೇ ಆಡಿಕೊಳ್ಳುತ್ತಿದ್ದಾನೆಂದು ತಲೆ ಕೆಟ್ಟಿತು.

"ಏನ್ರೀ, ಕಾಕಡಕ್ಕೆ ಪರಿಮಳವಾ? ಮೂಗಿದೆಯೋ ಇಲ್ವೋ ನಿಮಗೆ?"

"ಇಲ್ಲ," ಎಂದ ಅವನು.

ವಾಸನೆ ಹೋಗಿ ಬಹಳ ದಿನವಾಗಿತ್ತು. ಘಾಟಾದ ಗಿಡ ಮೂಸಿದರೆ ತಿರುಗಿ ಬಂದೀತೆಂದು ಆಸೆಪಟ್ಟು ನರ್ಸರಿಗೆ ಬಂದಿದ್ದ. ಬರಲಿಲ್ಲ. ಡಾಕ್ಟರು ನಡುಕದ ಕಾಯಿಲೆ ಎಂದಿದ್ದರು. ಕೆಲವರಿಗೆ ಮೊದಲು ಹೋಗುವುದು ವಾಸನೆಯಂತೆ, ಕೈ ಆಮೇಲೆ. ಅವನ ಬಲಗೈ ಆಗಲೇ ಶುರುಮಾಡಿತ್ತು. ಗಡಿಯಾರದ ಸಣ್ಣ ಸ್ಕ್ರೂ ಹಿಡಿಯಲಾಗುತ್ತಿರಲಿಲ್ಲ.

"ಮತ್ತೆ ಇಷ್ಟು ಗಿಡ ಹೇಗೆ ಆರಿಸಿದ್ರಿ?"

"ನಿಮ್ಮ ಮುಖ ನೋಡಿ. ನೀವು ಮೂಸುವಾಗ ಮುಖದಲ್ಲಿ ಎಲ್ಲ ಕಾಣ್ತಿತ್ತು. ಎಷ್ಟು ಜೋರು, ಎಷ್ಟು ತಂಪು, ಎಲ್ಲ." ಅವನು ಕಾಕಡದ ಎಲೆ ಮುಟ್ಟಿದ. "ಇವತ್ತು ಕಂಡಷ್ಟು ಯಾವತ್ತೂ ಕಂಡಿರಲಿಲ್ಲ. ಅದಕ್ಕೇ ಮೋಸ ಹೋದೆ."

"ಮೋಸ ಹೋಗಿಲ್ಲ," ಎಂದಳು ಅವಳು. ಅಷ್ಟು ಹೇಳಿ, ಕೈಯಲ್ಲಿದ್ದ ಒಣ ಎಲೆಯನ್ನೆಲ್ಲ ಬುಟ್ಟಿಯ ಆಚೆಗೆ ಸುರಿದುಬಿಟ್ಟಳು.

ಮರುದಿನ ಅವಳೇ ಅವನ ಅಂಗಡಿಗೆ ಹೋದಳು. ಗೋಡೆಯ ತುಂಬ ನಿಂತ ಗಡಿಯಾರಗಳು. ಅವನು ಒಂದೊಂದನ್ನೇ ಇಳಿಸಿ, ರಿಪೇರಿಗೆ ಕೊಟ್ಟವರಿಗೆ ವಾಪಸ್ ಕಳಿಸಲು ಕಾಗದ ಸುತ್ತುತ್ತಿದ್ದ. ಮುಂದಿನ ವಾರ ತಂಗಿ ಬಂದು ತನ್ನೂರಿಗೆ ಕರೆದುಕೊಂಡು ಹೋಗುತ್ತಾಳೆ ಎಂದ.

"ಯಾಕೆ? ಇಲ್ಲಿ ಜನ ಸತ್ತುಹೋಗಿದಾರಾ? ನಿನ್ನನ್ನ ನಾನು ನೋಡ್ಕೋತೀನಿ. ಮದುವೆ ಆಗು ಅಂದ್ರೆ ಆಗ್ತೀನಿ, ಬೇಡ ಅಂದ್ರೆ ಹಾಗೇ ಇರ್ತೀನಿ."

ನೀವು ಹೋಗಿ ನೀನು ಆದದ್ದು ಇಬ್ಬರಿಗೂ ಗೊತ್ತಾಯಿತು. ಯಾರೂ ತಿದ್ದಲಿಲ್ಲ.

"ಮುಂದೆ ಮುಖವೂ ಮರಗಟ್ಟುತ್ತಂತೆ ಕಣೇ. ಖುಷಿಯಾದ್ರೂ ಮುಖದ ಮೇಲೆ ಬರೋದಿಲ್ಲವಂತೆ. ನಿನ್ನ ಕೋಪಕ್ಕೆ ಅದು ಸರಿಹೋಗಲ್ಲ."

"ಗಿಡಗಳಿಗೆ ಮುಖ ಇದೆಯಾ? ಅವಕ್ಕೆ ಬಾಯಾರಿದ್ರೆ ನನಗೆ ತಿಳಿಯೋದಿಲ್ವಾ?"

ಅವನು ನಕ್ಕ. ಆ ನಗುವನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

"ಗಿಡ ನೀರು ಹಾಕಿದ್ರೆ ಚಿಗುರುತ್ತೆ. ನಾನು ಚಿಗುರೋದಿಲ್ಲ. ನಿನ್ನ ಅರ್ಧ ಆಯಸ್ಸು ಒಂದು ಮಂಚದ ಪಕ್ಕ ಹೋಗಿದೆ. ಉಳಿದರ್ಧವನ್ನ ನಾನು ತಿನ್ನೋದಿಲ್ಲ."

ಅವಳು ಬೈದಳು. ಹೇಡಿ ಎಂದಳು, ಸ್ವಾರ್ಥಿ ಎಂದಳು. ಅವನು ಕಾಗದ ಸುತ್ತುತ್ತಲೇ ಇದ್ದ. ಗಂಟು ಬೀಳುತ್ತಿರಲಿಲ್ಲ. ಕೊನೆಗೆ ಅವಳೇ ದಾರ ಕಸಿದುಕೊಂಡು, ಅಳುತ್ತ, ಇದ್ದಬದ್ದ ಗಡಿಯಾರಗಳನ್ನೆಲ್ಲ ಕಟ್ಟಿಕೊಟ್ಟಳು.

ಅವನು ಹೊರಡುವ ಹಿಂದಿನ ಸಂಜೆ ಅವಳು ಅವನ ಅಂಗಳಕ್ಕೆ ಹೋದಾಗ ತಂಗಿ ಸಾಮಾನು ಹೊರಗಿಡುತ್ತಿದ್ದಳು. ಪೆಟ್ಟಿಗೆಗಳ ನಡುವೆ ಒಂದೇ ಒಂದು ಕುಂಡ.

"ನೋಡಿ ಅಕ್ಕಾ ಇವನನ್ನ. ಇಷ್ಟು ಚಂದದ ಸುಗಂಧರಾಜ ಎಲ್ಲ ಬಿಟ್ಟು ಈ ಕಾಕಡ ತರ್ತಾನಂತೆ. ಪರಿಮಳ ಇಲ್ಲ ಕಣೋ ಇದಕ್ಕೆ ಅಂದ್ರೆ ಕೇಳೋದೇ ಇಲ್ಲ."

"ನನಗೆ ಗೊತ್ತಾಗಿರೋದು ಅದೊಂದರ ಪರಿಮಳವೇ," ಎಂದ ಅವನು ಮೆಟ್ಟಿಲ ಮೇಲಿಂದ.

ತಂಗಿ ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು.

ಬಿಸಿಲು ಇಳಿದಿತ್ತು. ಗೋಡೆಯ ಬುಡದಲ್ಲಿ ಸಂಜೆಮಲ್ಲಿಗೆ ಬಿಚ್ಚಿಕೊಳ್ಳುತ್ತಿತ್ತು.

"ಹೇಗಿದೆ ಇವತ್ತು?" ಎಂದು ಅವನು ಕೇಳಿದ.

ಅವಳು ಮಂಡಿಯೂರಿ ಬಗ್ಗಿದಳು. ಕಣ್ಣು ಮುಚ್ಚಿದಳು. ಅವನು ನೋಡುತ್ತಿದ್ದಾನೆಂದು ಈಗ ಅವಳಿಗೆ ಗೊತ್ತಿತ್ತು. ಹೂವಿನಲ್ಲಿದ್ದದ್ದೆಲ್ಲ ಮೊದಲ ಉಸಿರಿಗೇ ಸಿಕ್ಕಿತು. ಆದರೂ ಅವಳು ಏಳಲಿಲ್ಲ. ಇನ್ನೊಂದು ಉಸಿರೆಳೆದಳು, ಮತ್ತೊಂದು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರಿಳಿದು ಮೂಗಿನ ತುದಿಗೆ ಬಂತು.

"ಚೆನ್ನಾಗಿಲ್ವಾ?" ಅವನ ದನಿ ಹತ್ತಿರದಿಂದ ಬಂತು.

"ಸುಮ್ನಿರು," ಎಂದಳು ಕಣ್ಣು ತೆರೆಯದೆ. "ಇನ್ನೂ ಮುಗಿದಿಲ್ಲ."